ನೀಲಿ ಕ್ಯಾನಿನ ಪಾನಕ

ನನ್ನ ಕೈ ಮುಂದು. ಹೆಮ್ಮೆಯಿಂದ ಹೇಳುತ್ತಿಲ್ಲ, ಮುಂದಿನದನ್ನೆಲ್ಲ ಓದುವವರಿಗೆ ಮೊದಲೇ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಅಪ್ಪನದು ಲೇತ್ ಅಂಗಡಿ. ಅಲ್ಲಿ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕಪಾಳಕ್ಕೆ ಏಟು ಬೀಳುತ್ತಿತ್ತು, ಅಳತೆ ಸರಿಯಾದರೆ ಏನೂ ಸಿಗುತ್ತಿರಲಿಲ್ಲ. ನಾನು ಕೆಲಸ ಕಲಿತಿದ್ದು ಹಾಗೆ, ಹೊಡೆಯುವುದನ್ನು ಕಲಿತಿದ್ದೂ ಹಾಗೆಯೇ. ಆಸ್ಟ್ರೇಲಿಯಕ್ಕೆ ಬಂದು ಹದಿನೈದು ವರ್ಷವಾಯಿತು. ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ, ಎರಡು ಕಾರು, ಮುಗಿಯದ ಮಾರ್ಟ್‌ಗೇಜ್ ಎಲ್ಲವೂ ಆಗಿದೆ. ಗ್ಯಾರೇಜಿನ ಗೋಡೆಯಲ್ಲಿ ನನ್ನ ಮುಷ್ಟಿ ಮಾಡಿದ ತೂತೂ ಇದೆ. ಹೆಂಡತಿ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದಾಳೆ. ವರ್ಷಕ್ಕೊಮ್ಮೆ ಕ್ಯಾಲೆಂಡರ್ ಬದಲಿಸುವಾಗ ಇಬ್ಬರೂ ಆ ಕಡೆ ನೋಡದ ಹಾಗೆ ಇರುತ್ತೇವೆ.

ನಾನು ಹೊಡೆದವರೆಲ್ಲರ ಲೆಕ್ಕ ಇಲ್ಲಿ ಬೇಡ. ಒಬ್ಬನ ವಿಷಯ ಸಾಕು. ಈ ದೇಶದಲ್ಲಿ ನನಗಿದ್ದ ಒಬ್ಬನೇ ಗೆಳೆಯ ಅವನು. ಪರಿಚಯದವರು ಬೇಕಾದಷ್ಟು ಜನ ಇದ್ದಾರೆ. ಹುಟ್ಟುಹಬ್ಬಕ್ಕೆ ಕರೆಯುವವರು, ಇಲ್ಲೇ ನೆಲೆಸಲು ಪಿಆರ್ ಬಂದ ದಿನ ಸಿಹಿ ಹಂಚಿದವರು. ಗೆಳೆಯ ಅಂತ ಇದ್ದವನು ಮಾತ್ರ ಅವನೊಬ್ಬನೇ. ಅವನು ಉಳಿದನೋ ಹೋದನೋ ಎಂದು ನಾನು ನಾಲ್ಕು ತಿಂಗಳು ಒದ್ದಾಡಿದೆ. ಆ ಒದ್ದಾಟವನ್ನೇ ಬರೆಯಲು ಕುಳಿತಿದ್ದೇನೆ.

ಅವನು ಮಂಡ್ಯದ ಕಡೆಯವನು. ಮೆಲ್ಬರ್ನ್‌ನಲ್ಲಿ ಓದುವಾಗ ಎರಡು ರೂಮಿನ ಮನೆಯಲ್ಲಿ ಆರು ಜನ ಇದ್ದೆವು, ಅದರಲ್ಲಿ ಅವನೊಬ್ಬ. ಒಂದು ಸಂಜೆ ರೈಲ್ವೆ ಸ್ಟೇಷನ್ನಿನ ಹೊರಗೆ ಮೂವರು ನಮ್ಮನ್ನು ಅಡ್ಡಗಟ್ಟಿ ಫೋನು ಕೇಳಿದರು. ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ಮುಂದೆ ನಿಂತಿದ್ದವನ ಮೂತಿಗೆ ಗುದ್ದಿದೆ. ಅವನ ಹಿಂದಿದ್ದವನು ಬಿಯರ್ ಬಾಟಲಿಯನ್ನು ಕಂಬಕ್ಕೆ ಬಡಿದು ಒಡೆದು ನನ್ನ ಕುತ್ತಿಗೆಗೆ ಬೀಸಿದ. ಗೆಳೆಯ ನಡುವೆ ಮುಂಗೈ ಒಡ್ಡಿದ. ಮಣಿಕಟ್ಟಿನಿಂದ ಮೊಳಕೈವರೆಗೆ ಚರ್ಮ ಸೀಳಿಹೋಯಿತು, ಸ್ಟೇಷನ್ನಿನ ಮೆಟ್ಟಿಲ ಮೇಲೆ ರಕ್ತ ಸುರಿಯಿತು, ಆ ಮೂವರೂ ಅದನ್ನು ಕಂಡೇ ಓಡಿದರು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತ ಅವನು ನನಗೆ ಹೇಳಿದ್ದು ಒಂದೇ ಮಾತು. “ಫೋನ್ ಕೊಟ್ಬುಟ್ಟು ಬರಾದು ತಾನೇನ್ಲಾ, ಬಡ್ಡಿಮಗನೆ.”

ಓದು ಮುಗಿದ ಮೇಲೆ ನನಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆಗಳ ತಂಪು ಮಾಡುವ, ಕಾಯಿಸುವ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಅವನು ಮೆಲ್ಬರ್ನ್‌ನಲ್ಲೇ ಉಳಿದು, ವಿಂಡಮ್ ವೇಲ್‌ನಲ್ಲಿ ಮನೆ ಮಾಡಿ, ವೆರಿಬೀ ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೇರಿದ. ಅಲ್ಲಿ ಗಾಡಿಗಳ ಬ್ಯಾಟರಿಗಳನ್ನು ಉಕ್ಕಿನ ಕೋಣೆಯೊಂದರಲ್ಲಿಟ್ಟು ಹಿಂಸಿಸುತ್ತಾರೆ. ಪರೀಕ್ಷೆ ಅನ್ನುವುದು ಅವರ ಮಾತು, ನಾನು ನೋಡಿದ್ದು ಹಿಂಸೆಯನ್ನೇ. ಬೆಳಿಗ್ಗೆ ಮೈನಸ್ ಮೂವತ್ತು ಡಿಗ್ರಿಯಲ್ಲಿ ಮರಗಟ್ಟಿಸುತ್ತಾರೆ, ಮಧ್ಯಾಹ್ನ ಎಂಬತ್ತೈದರಲ್ಲಿ ಬೇಯಿಸುತ್ತಾರೆ, ಮಾರನೆಯ ದಿನ ಮತ್ತೆ ಮರಗಟ್ಟಿಸುತ್ತಾರೆ. ಯಾವುದು ಯಾವಾಗ ಬಿರಿಯಿತು ಎಂದು ಬರೆದುಕೊಳ್ಳುತ್ತಾರೆ. ಆ ಚಳಿಯನ್ನೂ ಕಾವನ್ನೂ ಕೋಣೆಗೆ ಹೊತ್ತು ತರುವುದು ಪೈಪುಗಳಲ್ಲಿ ಸುತ್ತುವ ಒಂದೇ ದ್ರವ. ನೀರಿಗೆ ಗ್ಲೈಕಾಲ್ ಬೆರೆಸಿದ್ದು. ಬರಿಯ ನೀರಾದರೆ ಸೊನ್ನೆಯಲ್ಲೇ ಗಡ್ಡೆ ಕಟ್ಟಿ, ಉಬ್ಬಿ, ಕಬ್ಬಿಣವನ್ನೂ ಸೀಳಿಬಿಡುತ್ತದೆ.

ಅಲ್ಲಿ ಆಗಿದ್ದೂ ಅದೇ. ಟ್ಯಾಂಕಿನ ಮಟ್ಟ ಇಳಿದಾಗಲೆಲ್ಲ ಶಿಫ್ಟಿನಲ್ಲಿದ್ದವರು ಗ್ಲೈಕಾಲ್ ತರಿಸುವ ಗೋಜಿಗೆ ಹೋಗದೆ ನಲ್ಲಿಯ ನೀರು ಬಿಡುತ್ತಿದ್ದರು. ಸಾರು ಕಡಿಮೆಯಾದರೆ ಒಂದು ಚೊಂಬು ನೀರು ಬಗ್ಗಿಸುವ ಜನ ನಾವು. ದ್ರವ ತೆಳ್ಳಗಾಗುತ್ತ ಹೋಗಿ, ಒಂದು ಬೆಳಿಗ್ಗೆ ಯಂತ್ರದ ಒಳಗೇ ಹೆಪ್ಪುಗಟ್ಟಿ ತಗಡುಗಳು ಬಿರಿದವು. ಯಾರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಕಾಯಿಸಲು ಶುರುಮಾಡಿದಾಗ ಆ ಬಿರುಕಿನಿಂದ ಯಂತ್ರದ ಅನಿಲ ಪೈಪಿಗೆ ನುಗ್ಗಿ ಒತ್ತಡ ಏರಿ, ತೋಳು ದಪ್ಪದ ರಬ್ಬರ್ ಹೋಸ್ ಕಿತ್ತುಕೊಂಡಿತು. ಅದು ನೆಲಕ್ಕೆ ಬಡಿಯಿತು, ಛಾವಣಿಗೆ ಬಡಿಯಿತು, ಟ್ಯೂಬ್‌ಲೈಟುಗಳನ್ನು ಪುಡಿಮಾಡಿತು, ವಾಲ್ವ್ ಮುಚ್ಚಲು ಓಡಿದ ನನ್ನ ಗೆಳೆಯನ ಹೆಗಲಿಗೆ ಅಪ್ಪಳಿಸಿ ಅವನನ್ನು ಕೆಡವಿತು. ಬಿದ್ದವನ ಕುತ್ತಿಗೆಯ ಮೇಲೆ ಕುದಿಯುವ ದ್ರವ ಸುರಿಯಿತು. ಹೆಗಲಿನ ಎಲುಬು ಮುರಿದು, ಕುತ್ತಿಗೆಯ ಚರ್ಮ ಬೊಬ್ಬೆ ಎದ್ದು ಸುಲಿದುಬಂತು.

ಆಸ್ಪತ್ರೆಯಿಂದ ಅವನೇ ಫೋನು ಮಾಡಿದ. ಕೇಳುತ್ತ ಕೇಳುತ್ತ ನನ್ನ ಮೈ ಉರಿದುಹೋಯಿತು.

“ನೀರ್ ಬಿಟ್ಟಾವನ ಹೆಸರ ಹೇಳಲೇ. ಇವತ್ತ ಫ್ಲೈಟ್ ಹತ್ತಿ ಬರ್ತೀನಿ. ಅವನ ತಲೀನ ಆ ಟ್ಯಾಂಕಿನ್ಯಾಗ ಮುಳಗಸ್ತೀನಿ.”

“ನೀ ಬಂದು ಒದ್ರೆ ನನ್ ಮೂಳೆ ಕೂಡ್ಕತ್ತದಾ?” ಅಂದ ಅವನು. ನೋವಿಗೆ ಅವನ ದನಿ ನಡುಗುತ್ತಿತ್ತು. “ಹಳೇದೆಲ್ಲ ಚೆಲ್ಬುಟ್ಟು ಹೊಸ್ದು ತುಂಬ್ಬೇಕು. ಯಾವ್ದು ತುಂಬಾದು, ಅದನ್ ಹೇಳು. ಇನ್ನೊಬ್ಬ ಸಾಯೋಕ್ ಮುಂಚೆ.”

ಆ ವಾರದ ಶನಿವಾರ ಹೆಂಡತಿ ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋದಳು. ನಾನು ಅಡುಗೆಮನೆಯ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಕುಳಿತೆ. ಇಂಥ ಕೆಲಸಕ್ಕೆ ಮುಖ್ಯವಾಗಿ ಎರಡು ಗ್ಲೈಕಾಲುಗಳಿವೆ. ಒಂದು ಎಥಿಲೀನ್, ಇನ್ನೊಂದು ಪ್ರೊಪಿಲೀನ್. ಎಥಿಲೀನ್ ಚಳಿಯಲ್ಲೂ ತೆಳ್ಳಗೆ ಹರಿಯುತ್ತದೆ, ಪಂಪಿಗೆ ತ್ರಾಸು ಕೊಡುವುದಿಲ್ಲ, ಶಾಖವನ್ನು ಬೇಗ ತೆಗೆದುಕೊಂಡು ಬೇಗ ಬಿಡುತ್ತದೆ. ಪ್ರೊಪಿಲೀನ್ ಬೆಚ್ಚಗಿರುವಾಗ ಸಾಧು. ಮೈನಸ್ ಇಪ್ಪತ್ತು ದಾಟಿತೋ ಮಂದವಾಗುತ್ತ ಹೋಗಿ ಪಂಪನ್ನು ಕೊಲ್ಲುತ್ತದೆ. ಚಳಿಯಿಂದ ಕುದಿಯವರೆಗೆ ಒಂದೇ ದ್ರವ ಓಡಾಡಬೇಕೆಂದರೆ ಎಥಿಲೀನೇ ಸರಿ. ಅದಕ್ಕಿರುವ ದೋಷ ಒಂದೇ, ಅದು ವಿಷ. ಅದರಲ್ಲೂ ಸಿಹಿಯಾದ ವಿಷ. ನೆಲಕ್ಕೆ ಸೋರಿದ್ದನ್ನು ನಾಯಿಗಳು ನೆಕ್ಕಿ ಸಾಯುತ್ತವೆ. ಮನುಷ್ಯ ಕುಡಿದರೆ ಮೊದಲು ಅಮಲೇರಿದವನ ಹಾಗೆ ತೂರಾಡುತ್ತಾನೆ, ಆಮೇಲೆ ಕಿಡ್ನಿ ನಿಲ್ಲುತ್ತದೆ. ಪ್ರೊಪಿಲೀನ್ ಹಾಗಲ್ಲ, ಹಾಲಿನ, ಬಿಯರಿನ ಕಾರ್ಖಾನೆಗಳಲ್ಲಿ ಬಳಸುವಂಥದು. ಅಕಸ್ಮಾತ್ ಒಂದಿಷ್ಟು ಆಹಾರಕ್ಕೆ ಸೇರಿದರೂ ಜೀವ ಹೋಗುವುದಿಲ್ಲ.

ಬ್ಯಾಟರಿಗಳು ಏನನ್ನೂ ಕುಡಿಯುವುದಿಲ್ಲವಲ್ಲ. ಎಥಿಲೀನ್, ಲವಣ ತೆಗೆದ ನೀರು, ಅರ್ಧಕ್ಕರ್ಧ, ತುಕ್ಕು ಹಿಡಿಯದಂತೆ ಸೇರಿಸಬೇಕಾದ ಮದ್ದು, ಆರು ತಿಂಗಳಿಗೊಮ್ಮೆ ಪರೀಕ್ಷೆ ಎಂದೆಲ್ಲ ಬರೆದೆ. ಬರೆದು ಮುಗಿಸಿದಾಗ, ಅಪ್ಪ ಬದುಕಿದ್ದರೆ ಈ ಅಳತೆಯಲ್ಲಿ ಅವನಿಗೂ ಕೂದಲೆಳೆ ತಪ್ಪು ಸಿಗುತ್ತಿರಲಿಲ್ಲ ಎಂದು ಖುಷಿಯಾಯಿತು. ಗೆಳೆಯನಿಗೆ ಫೋನು ಮಾಡಿ ಓದಿ ಹೇಳಿದೆ.

“ಅದು ವಿಷ ಅಲ್ವೇನ್ಲಾ?” ಅಂದ.

“ವಿಷ ಐತಿ. ನೀ ಏನ್ ಅದನ್ನ ಊಟಕ್ಕ ಬಡಸಾವ ಅದೀಯೇನ?”

“ಪ್ರೊಪಿಲೀನ್ ಹಾಕುದ್ರೆ ಆಗಾಕಿಲ್ವಾ? ಪಂಪ್ ದೊಡ್ಡದು ಹಾಕ್ಕಂಡು?”

ನನ್ನ ತಲೆ ಕೆಟ್ಟಿತು. ಗಂಟೆಗಟ್ಟಲೆ ಕುಳಿತು ಮಾಡಿದ ಲೆಕ್ಕವನ್ನು, ಸ್ಪ್ಯಾನರ್ ಹಿಡಿಯುವವನೊಬ್ಬ ಒಂದು ಮಾತಿನಲ್ಲಿ ತಳ್ಳಿಹಾಕುವುದೇ ಎಂದೆನಿಸಿತು. ಹೌದು, ಆ ಕ್ಷಣ ಅವನನ್ನು ಹಾಗೇ ಅಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. “ಮೈನಸ್ ಮೂವತ್ತರಾಗ ಅದು ಜೋನಿಬೆಲ್ಲ ಆಕ್ಕೈತಿ. ಪಂಪ್ ಸುಟ್ಟಮ್ಯಾಲೆ ಮತ್ತ ಹೋಸ್ ಹರೀತೈತಿ. ಈ ಸಲ ಹೆಗಲಲ್ಲ, ತಲೀನ ಹೋಗಲಿ ನಿಂದು. ಒಂದರ ಕೆಲಸಾ ನೆಟ್ಟಗ ಮಾಡಲೇ ಮಗನ” ಎಂದು ಬಾಯಿಗೆ ಬಂದ ಹಾಗೆ ಬೈದೆ. ಎದುರಿಗಿದ್ದ ಗಾಜಿನ ಲೋಟವನ್ನು ಸಿಂಕಿಗೆ ಎಸೆದೆ. ಅದು ಒಡೆದ ಸದ್ದು ಅವನಿಗೂ ಕೇಳಿಸಿರಬೇಕು. ಆಮೇಲೆ, “ಮೇಲ್ ಕಳ್ಸು” ಅಂದು ಫೋನಿಟ್ಟ. ನಾನು ಮೇಲ್ ಕಳಿಸಿದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ. ಒಂದೆರಡು ತಿಂಗಳಲ್ಲಿ ಹೊಸ ದ್ರವ ತುಂಬಿದ್ದಾಯಿತು, ಕೋಣೆ ಸರಿಯಾಗಿ ಓಡುತ್ತಿದೆ ಎಂದು ತಿಳಿಸಿದ. ನಾನು ಗೆದ್ದೆ ಅಂದುಕೊಂಡೆ.

ರಾಮನವಮಿ ಬಂದಾಗ ನನಗೆ ಮೆಲ್ಬರ್ನ್‌ನಲ್ಲಿ ಸೋಮವಾರ ಒಂದು ಕೆಲಸವಿತ್ತು. ಭಾನುವಾರ ಬೆಳಿಗ್ಗೆಯೇ ಬಂದೆ. ಅಲ್ಲಿನ ಕನ್ನಡದವರು ವೆರಿಬೀಯಲ್ಲಿ ಒಂದು ಹಾಲ್ ಬುಕ್ ಮಾಡಿ ಪೂಜೆ ಇಟ್ಟುಕೊಂಡಿದ್ದರು. ವಿಮಾನ ನಿಲ್ದಾಣದಿಂದ ನೇರ ಅಲ್ಲಿಗೇ ಹೋದೆ. ಶರತ್ಕಾಲ ಶುರುವಾಗಿದ್ದರೂ ಆ ದಿನ ಉರಿಬಿಸಿಲು. ಒಳಗೆ ನೂರಕ್ಕೂ ಹೆಚ್ಚು ಜನ ಇದ್ದರು. ಮಕ್ಕಳು ಇಂಗ್ಲಿಷಿನಲ್ಲಿ ಕಿರುಚುತ್ತ ಓಡಾಡುತ್ತಿದ್ದರು. ಒಂದು ಬದಿಯ ಉದ್ದ ಮೇಜಿನ ಮೇಲೆ ಕೋಸಂಬರಿ, ಮಜ್ಜಿಗೆ, ಪಾನಕ. ಮೇಜಿನ ಹಿಂದೆ ನನ್ನ ಗೆಳೆಯ ಪಂಚೆ ಉಟ್ಟು ನಿಂತಿದ್ದ. ಕುತ್ತಿಗೆಯ ಸುಟ್ಟ ಗಾಯ ಮಾಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅವನ ಹೆಂಡತಿ ಪಕ್ಕದಲ್ಲಿ ಲೋಟಗಳನ್ನು ತುಂಬುತ್ತಿದ್ದಳು.

“ಬಾರ್ಲಾ, ಬಿಸ್ಲಲ್ಲಿ ಬಂದಿದ್ದೀಯೆ” ಎಂದು ಅವನು ನನ್ನ ಕೈಗೆ ಒಂದು ಲೋಟ ಪಾನಕ ಕೊಟ್ಟ. ನಾನು ಒಂದೇ ಗುಟುಕಿಗೆ ಕುಡಿದೆ. ಬೆಲ್ಲ, ಶುಂಠಿ, ನಿಂಬೆ, ಏಲಕ್ಕಿ. ಸಿಹಿ ತುಸು ಮುಂದಾಗಿತ್ತು. ಇನ್ನೊಂದು ಲೋಟಕ್ಕೆ ಕೈಚಾಚಿದಾಗ ಪಾನಕ ಯಾವುದರಿಂದ ಬರುತ್ತಿದೆ ಎಂದು ನೋಡಿದೆ.

ಇಪ್ಪತ್ತು ಲೀಟರಿನ ಎರಡು ನೀಲಿ ಪ್ಲಾಸ್ಟಿಕ್ ಕ್ಯಾನುಗಳು. ಕೆಳಗೆ ತೂತು ಕೊರೆದು ನಲ್ಲಿ ಕೂರಿಸಿದ್ದರು. ಅರಿಶಿನ ಕುಂಕುಮ ಹಚ್ಚಿದ್ದರು. ಅಂಥ ಕ್ಯಾನುಗಳನ್ನು ನಾನು ದಿನಾ ನೋಡುತ್ತೇನೆ, ನನ್ನ ವ್ಯಾನಿನಲ್ಲೇ ನಾಲ್ಕಿರುತ್ತವೆ. ಮೇಲಿನ ಲೇಬಲನ್ನು ಚಾಕುವಿನಲ್ಲಿ ಕೆರೆದು ತೆಗೆದಿದ್ದರು, ಪೂರ್ತಿ ಬಂದಿರಲಿಲ್ಲ. ಕುಂಕುಮದ ಕೆಳಗೆ ಅರ್ಧ ಹರಿದ ಕಾಗದದಲ್ಲಿ ಗ್ಲೈಕಾಲ್ ಎಂಬ ಇಂಗ್ಲಿಷ್ ಪದ ಚೆನ್ನಾಗಿ ಓದಲು ಬರುತ್ತಿತ್ತು.

ಅವನ ಕಾರ್ಖಾನೆಗೆ ಎಥಿಲೀನ್ ಬರೆದುಕೊಟ್ಟವನು ನಾನೇ. ತಳದಲ್ಲಿ ಎಷ್ಟು ಉಳಿದಿತ್ತು, ಹೇಗೆ ತೊಳೆದಿದ್ದರು, ಬೆಲ್ಲದ ಸಿಹಿ ಯಾವುದು, ವಿಷದ ಸಿಹಿ ಯಾವುದು, ಒಂದೂ ಗೊತ್ತಿರಲಿಲ್ಲ. ಎದುರಿಗೆ ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿದ್ದರು.

ಆಮೇಲೆ ನಾನು ಮಾಡಿದ್ದನ್ನು ಇದ್ದಂತೆ ಬರೆಯುತ್ತೇನೆ. ಮೇಜನ್ನು ಎರಡೂ ಕೈಯಲ್ಲಿ ಎತ್ತಿ ಮಗುಚಿದೆ. ಕ್ಯಾನುಗಳು ನೆಲಕ್ಕೆ ಬಿದ್ದು ನಲ್ಲಿಗಳು ಮುರಿದವು. ಪಾತ್ರೆಗಳು ಉರುಳಿದವು, ಕೋಸಂಬರಿಯ ಸ್ಟೀಲ್ ಬೇಸಿನ್ ಒಬ್ಬ ಆಂಟಿಯ ಕಾಲಿನ ಮೇಲೆ ಬಿದ್ದು ಅವರು ಕಿರುಚಿದರು. ಹತ್ತಿರವಿದ್ದ ಪುಟ್ಟ ಹುಡುಗಿಯ ಕೈಯಿಂದ ಲೋಟ ಕಿತ್ತುಕೊಂಡೆ. ಅವಳ ಬೆರಳು ತಿರುಚಿತು, ಚೀರಿದಳು, ನಾನು ಬಿಡಲಿಲ್ಲ. ಒಬ್ಬ ಅಂಕಲ್ ತಡೆಯಲು ಬಂದರು, ಅವರ ಎದೆಗೆ ಕೈಯಿಟ್ಟು ತಳ್ಳಿದೆ, ಕುರ್ಚಿಗಳ ಮೇಲೆ ಹಿಮ್ಮುಖವಾಗಿ ಬಿದ್ದರು. “ಕುಡೀಬ್ಯಾಡ್ರಿ, ವಿಷ ಐತಿ, ವಿಷ ಕುಡಿಸ್ಯಾನ ಇಂವ” ಎಂದು ಅರಚುತ್ತಿದ್ದೆ. ಹಾಲ್‌ನಲ್ಲಿದ್ದವರೆಲ್ಲ ಒಟ್ಟಿಗೆ ಕೂಗತೊಡಗಿದರು. ತಾಯಂದಿರು ಮಕ್ಕಳ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸತೊಡಗಿದರು. ಮಕ್ಕಳು ಉಸಿರುಗಟ್ಟಿ ಕೆಮ್ಮುತ್ತಿದ್ದರು, ರೇಷ್ಮೆ ಲಂಗಗಳ ಮೇಲೆ ಕಕ್ಕುತ್ತಿದ್ದರು. ಬಾಗಿಲಲ್ಲಿ ನೂಕುನುಗ್ಗಲಾಗಿ ಯಾರೋ ಕೆಳಗೆ ಬಿದ್ದರು.

ಗೆಳೆಯ ಎರಡೂ ಕೈ ಮುಂದೆ ಚಾಚಿ, ಏನೋ ಹೇಳುತ್ತ ನನ್ನ ಕಡೆಗೆ ಬಂದ. ಅವನ ತುಟಿ ಆಡುತ್ತಿದ್ದದ್ದು ನನಗೆ ನೆನಪಿದೆ, ಮಾತು ಕಿವಿಗೆ ಬೀಳಲಿಲ್ಲ. ಬಲಗೈಯನ್ನು ಹಿಂದಕ್ಕೆ ಎಳೆದು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅವನ ಕಪಾಳಕ್ಕೆ ಬಾರಿಸಿದೆ. ಅಂಗೈ ಅವನ ಎಡಗಿವಿಯನ್ನು ಪೂರ್ತಿ ಮುಚ್ಚಿತು. ಅವನು ಒಂದು ಹೆಜ್ಜೆ ತೂರಾಡಿದ. ಅದೇ ಜಾಗಕ್ಕೆ ಮತ್ತೊಂದು ಕೊಟ್ಟೆ. ಮೂರನೆಯದಕ್ಕೆ ಅವನು ಕುಸಿದು ಪಾನಕದ ರಾಡಿಯಲ್ಲಿ ಕುಳಿತ. ನಾನು ಕಾಲೆತ್ತಿದೆ. ಅಷ್ಟರಲ್ಲಿ ನಾಲ್ಕು ಜನ ಹಿಂದಿನಿಂದ ಹಿಡಿದು ಎಳೆದರು, ಇಲ್ಲದಿದ್ದರೆ ಒದೆಯುತ್ತಿದ್ದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

“ಪ್ರೊಪಿಲೀನ್ ಕಣ್ಲಾ” ಎನ್ನುತ್ತಿದ್ದ ಅವನು. “ಪ್ರೊಪಿಲೀನ್. ನಾನು ಎಥಿಲೀನ್ ತರ್ಸೇ ಇಲ್ಲ.”

ಅವನು ಅದನ್ನು ಎಷ್ಟು ಸಲ ಹೇಳಿದನೋ ಗೊತ್ತಿಲ್ಲ. ನನಗೆ ಅರ್ಥವಾಗುವ ಹೊತ್ತಿಗೆ ಅವನ ಕಿವಿಯಿಂದ ಒಂದು ಎಳೆ ರಕ್ತ ಇಳಿದು, ಕುತ್ತಿಗೆಯ ಗುಲಾಬಿ ಗಾಯವನ್ನು ದಾಟಿ, ಶಲ್ಯಕ್ಕೆ ಇಂಗುತ್ತಿತ್ತು. ಒದ್ದೆ ಕೈಯಲ್ಲಿ ಫೋನು ತೆಗೆದು, ಕ್ಯಾನುಗಳು ಬಂದ ದಿನದ ಫೋಟೋ ಹುಡುಕಿ ನನ್ನ ಮುಖಕ್ಕೆ ಹಿಡಿದ. ಲೇಬಲ್ ಹರಿದಿರಲಿಲ್ಲ. ಆಹಾರದ ಕಾರ್ಖಾನೆಗೆ ಕೊಡುವ ಪ್ರೊಪಿಲೀನ್ ಗ್ಲೈಕಾಲ್.

“ಯಾಕ್ ಹೇಳಲಿಲ್ಲೊ ನನಗ” ಅಂದೆ. ನನ್ನ ತೋಳುಗಳನ್ನು ಆ ನಾಲ್ವರು ಇನ್ನೂ ಬಿಟ್ಟಿರಲಿಲ್ಲ.

“ಹೇಳೋಕ್ ಬುಟ್ಯಾ ನೀನು?” ಅವನು ಕೂಗಲಿಲ್ಲ. ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ನೆಲ ನೋಡುತ್ತ ಮಾತಾಡಿದ. “ನಮ್ ಶಿಫ್ಟಲ್ಲಿ ಅರ್ಧಕ್ಕರ್ಧ ನಮ್ಮೋರೆ. ಪ್ರತಿ ಶುಕ್ರವಾರ ಖಾಲಿ ಕ್ಯಾನ್ ಮನೆಗ್ ಹೋಯ್ತವೆ. ಅಕ್ಕಿಗೆ, ಹಿಟ್ಟಿಗೆ, ಗಿಡಕ್ ನೀರಿಗೆ. ಬ್ಯಾಡ ಅಂದ್ರೆ ಕೇಳ್ತಾರಾ? ವಿಷ ಅಂತ ಬರುದ್ರೆ ಕೆರ್ದು ತೊಳ್ಕತ್ತಾರೆ. ನಾವೂ ಹಂಗೇ ತಾನೆ ಬದುಕಿದ್ದು. ಕ್ಯಾನ್ ಹೋಗಾದನ್ನ ತಡೆಯಾಕ್ ಆಗಲ್ಲ ಅಂತ, ಒಳಗಿರಾದನ್ನೇ ಬದಲಾಯಿಸ್ದೆ. ದೊಡ್ಡ ಪಂಪ್‌ಗೆ ಮ್ಯಾನೇಜರ್ ಜತೆ ಗುದ್ದಾಡ್ದೆ. ಮೈನಸ್ ಇಪ್ಪತ್ತೈದಕ್ಕೆ ನಿಲ್ಸಕ್ಕೆ ಒಪ್ಪುಸ್ದೆ.”

ಅದು ನಿಜ. ಆರು ಜನರ ಆ ಮನೆಯಲ್ಲಿ ನಾವು ಅಂಥ ಕ್ಯಾನುಗಳ ಮೇಲೆ ಕುಳಿತೇ ಊಟ ಮಾಡುತ್ತಿದ್ದೆವು. ಅವುಗಳಲ್ಲೇ ಅಕ್ಕಿ ಇಡುತ್ತಿದ್ದೆವು, ಬಾಯಿ ಕತ್ತರಿಸಿ ಸ್ನಾನದ ಬಕೆಟ್ ಮಾಡಿದ್ದೆವು. ನಾನು ಪಾರ್ಟ್ ಟೈಮ್ ಮಾಡುತ್ತಿದ್ದ ಕೋಲ್ಡ್ ಸ್ಟೋರೇಜಿನಿಂದ ಅವನ್ನು ಹೊತ್ತು ತಂದವನು ನಾನೇ. ಒಳಗೆ ಏನಿತ್ತೆಂದು ಒಂದು ದಿನವೂ ಓದಿರಲಿಲ್ಲ. ಗಟ್ಟಿಮುಟ್ಟಾದ ಕ್ಯಾನನ್ನು ಕಸಕ್ಕೆ ಎಸೆಯಲು ನಮ್ಮವರಿಗೆ ಮನಸ್ಸು ಬರುವುದಿಲ್ಲ ಎಂಬುದು ಈ ಭೂಮಿಯ ಮೇಲೆ ಯಾರಿಗಾದರೂ ಗೊತ್ತಿರಬೇಕಿದ್ದರೆ ಅದು ನನಗೆ. ನನ್ನ ಲೆಕ್ಕದಲ್ಲಿ ಪಂಪಿತ್ತು, ಪೈಪಿತ್ತು, ಬ್ಯಾಟರಿ ಇತ್ತು, ಶುಕ್ರವಾರ ಸಂಜೆ ಗೇಟು ದಾಟುವ ಜನ ಇರಲಿಲ್ಲ. ಅವರನ್ನು ಲೆಕ್ಕಕ್ಕೆ ಹಿಡಿದವನು ಅವನು. ಅವನನ್ನೇ ನಾನು ನೆಲಕ್ಕೆ ಕೆಡವಿದ್ದೆ.

ಯಾರೋ ಇಲ್ಲಿಯ ತುರ್ತು ನಂಬರು ಟ್ರಿಪಲ್ ಜೀರೋಗೆ ಫೋನು ಮಾಡಿದ್ದರು. ಆಂಬುಲೆನ್ಸಿನವರು ಬಂದು ಫೋಟೋ ನೋಡಿದರು, ವಿಷದ ವಿಚಾರ ತಿಳಿದವರ ಜತೆ ಫೋನಿನಲ್ಲಿ ಮಾತಾಡಿದರು. ಗೆಳೆಯನ ಹೆಂಡತಿ ಕ್ಯಾನುಗಳನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದಿದ್ದಳು. ಮಕ್ಕಳಿಗೆ ಏನೂ ಆಗುವುದಿಲ್ಲ, ಆದರೆ ಇಂಥ ಕ್ಯಾನುಗಳನ್ನು ಇನ್ನು ಮುಂದೆ ಅಡುಗೆಗೆ ಬಳಸಬೇಡಿ ಅಂದರು. ಆ ಬೆಳಿಗ್ಗೆ ಪೆಟ್ಟಾದವರೆಲ್ಲರಿಗೂ ಪೆಟ್ಟು ಆಗಿದ್ದು ನನ್ನಿಂದ. ಒಂದು ಬೆರಳು ಉಳುಕಿತ್ತು, ಒಂದು ಕಾಲು ಬಾತುಕೊಂಡಿತ್ತು, ತಳ್ಳಿಸಿಕೊಂಡ ಅಂಕಲ್ಲಿನ ಬೆನ್ನು ಹಿಡಿದುಕೊಂಡಿತ್ತು.

ಪೊಲೀಸರೂ ಬಂದರು. ಗೆಳೆಯನ ಕಿವಿ ನೋಡಿ ಯಾರು ಹೊಡೆದರೆಂದು ಕೇಳಿದರು. ನನ್ನ ಸಿಟಿಜನ್‌ಶಿಪ್ ಅರ್ಜಿ ಆಗ ಇನ್ನೂ ಮುಗಿದಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಪಾನಕದಲ್ಲಿ ಕಾಲು ಜಾರಿ ಮೇಜಿನ ಅಂಚಿಗೆ ಬಿದ್ದೆ ಅಂದ. ಪೊಲೀಸಿನವಳು ನನ್ನ ಕಡೆ ನೋಡಿದಳು, ಸುತ್ತ ನಿಂತ ಮುಖಗಳನ್ನು ನೋಡಿದಳು. ಅಷ್ಟು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಾನೇ ಹೊಡೆದದ್ದು ಎಂದು ಹೇಳಲು ನನಗೆ ಆ ದಿನ ಎರಡು ನಿಮಿಷ ಸಮಯವಿತ್ತು. ಕ್ಯಾನುಗಳ ಕಡೆ ನೋಡುತ್ತ ನಿಂತಿದ್ದೆ.

ಅವನ ಹೆಂಡತಿ ಆಂಬುಲೆನ್ಸ್ ಹತ್ತುವ ಮೊದಲು ನನ್ನ ಹತ್ತಿರ ಬಂದಳು. ಅವಳು ಮೊದಲಿಂದಲೂ ನನ್ನನ್ನು ಅಣ್ಣ ಎಂದೇ ಕರೆಯುವವಳು. “ಅಣ್ಣಾ, ಒಂದ್ ಮಾತು ಕೇಳ್ಬೋದಿತ್ತಲ್ವಾ?” ಅಂದಳು. ನನಗೆ ಅವಳು ಬೈದಿದ್ದರೆ, ಚಪ್ಪಲಿಯಲ್ಲಿ ಹೊಡೆದಿದ್ದರೆ ಅಷ್ಟು ಹಿಂಸೆಯಾಗುತ್ತಿರಲಿಲ್ಲ.

ಸೋಮವಾರದ ಕೆಲಸ ಬಿಟ್ಟು ಅವತ್ತೇ ಸಿಡ್ನಿಗೆ ವಾಪಸಾದೆ. ಕಿವಿಯ ತಮಟೆ ಹರಿದಿದೆ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಕೆಲವರಿಗೆ ಕೂಡುವುದಿಲ್ಲ, ಕಾದು ನೋಡಬೇಕು ಎಂದು ಡಾಕ್ಟರ್ ಹೇಳಿದ್ದು ನನ್ನ ಹೆಂಡತಿಯ ಮೂಲಕ ಗೊತ್ತಾಯಿತು. ನಾನು ಅವನಿಗೆ ಫೋನು ಮಾಡಲಿಲ್ಲ. ದಿನಾ ಅಂದುಕೊಳ್ಳುತ್ತಿದ್ದೆ, ಅವನ ಹೆಸರನ್ನು ಪರದೆಯ ಮೇಲೆ ತಂದು ನೋಡುತ್ತಿದ್ದೆ, ಹೆದರಿ ಆರಿಸುತ್ತಿದ್ದೆ. ಊರಿಗೆಲ್ಲ ಕೈ ಬೀಸುವ ಗಂಡಸಿಗೆ ಒಂದು ಗುಂಡಿ ಒತ್ತುವ ಧೈರ್ಯ ಇರಲಿಲ್ಲ. ಅವನೂ ಮಾಡಲಿಲ್ಲ. ವಾರಕ್ಕೆರಡು ಸಲ ಬರುತ್ತಿದ್ದ ಫೋನು ನಿಂತುಹೋಯಿತು. ಕೆಲಸದಲ್ಲಿ ಪಂಪು ಕೂಗಿದರೆ, ಒಂದು ಬೋಲ್ಟು ಬಿಗಿಯಾಗದಿದ್ದರೆ ನಾನು ಸ್ಪ್ಯಾನರನ್ನು ಗೋಡೆಗೆ ಎಸೆಯುತ್ತಿದ್ದೆ. ಒಂದು ದಿನ ನನ್ನ ಮಗಳು ಊಟದ ಮೇಜಿನ ಮೇಲೆ ನೀರು ಚೆಲ್ಲಿ, ಚೆಲ್ಲಿದ ಕೂಡಲೇ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ಅವಳಿಗೆ ನಾನು ಇವತ್ತಿನವರೆಗೆ ಒಂದು ಏಟೂ ಕೊಟ್ಟಿಲ್ಲ. ಆ ಹಾಲ್‌ನಲ್ಲಿ ನಡೆದದ್ದನ್ನು ಅವಳಿಗೆ ಯಾರು ಹೇಳಿದರೋ.

ಅವತ್ತು ಹೆಂಡತಿ ಪಾತ್ರೆ ತೊಳೆಯುತ್ತ, “ನೀನು ಹೋಗಿ ಅವ್ನ ಮುಂದೆ ಕೂತು ಕ್ಷಮೆ ಕೇಳು. ಮೆಸೇಜ್ ಗಿಸೇಜ್ ಬೇಡ. ಅವ್ನು ಆಚೆ ದಬ್ಬಿದ್ರೆ ದಬ್ಬಿಸ್ಕೊಂಡು ಬಾ” ಅಂದಳು. ಮಾರನೆಯ ದಿನ ಸಿಟ್ಟು ತಡೆಯುವುದನ್ನು ಕಲಿಸುವ ಒಂದು ಕ್ಲಾಸಿಗೆ ಹೆಸರು ಕೊಟ್ಟೆ. ಐದು ವಾರ ಹೋದೆ. ಜುಲೈ ಚಳಿಯ ಒಂದು ಭಾನುವಾರ ಬೆಳಗಿನ ಫ್ಲೈಟ್ ಹತ್ತಿದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಬಾಗಿಲು ತೆಗೆಯುತ್ತಾನೋ ಇಲ್ಲವೋ, ಅದೊಂದೇ ಯೋಚನೆ.

ಅವನೇ ಬಾಗಿಲು ತೆಗೆದ. ಒಂದು ಗಳಿಗೆ ನೋಡಿ, “ಬಾ” ಅಂದ. ಶೂ ಕಳಚಿ ಅವನ ಹಿಂದೆ ನಡೆದೆ. ಒಳಗೆ ಟೀವಿಯಲ್ಲಿ ಯಾವುದೋ ಹಳೆಯ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ಐದನೆಯ ಕ್ಲಾಸಿನ ಅವನ ಮಗಳು ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು ಏನೋ ಬರೆಯುತ್ತಿದ್ದಳು. ಹೆಂಡತಿ ಬಂದು, ಪ್ರಯಾಣ ಹೇಗಾಯಿತೆಂದು ಕೇಳಿ ಕಾಫಿ ಕೊಟ್ಟು ಒಳಗೆ ಹೋದಳು. ಅವನು ಸೋಫಾದ ತುದಿಯಲ್ಲಿ ಕುಳಿತು, ತನ್ನ ಎಡಗಡೆ ಹೀಟರಿನ ಹತ್ತಿರವಿದ್ದ ಕುರ್ಚಿಯನ್ನು ತೋರಿಸಿ, “ಕೂತ್ಕೊ” ಅಂದ.

ಕುಳಿತೆ. ಕಾಫಿ ಮುಟ್ಟದೆ ಶುರುಮಾಡಿದೆ. ಮಗಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಮಾತಾಡಿದೆ. ಲೇತ್ ಅಂಗಡಿಯ ಏಟುಗಳನ್ನು ಹೇಳಿದೆ, ಅದು ನೆವ ಅಲ್ಲವೆಂದೂ ಹೇಳಿದೆ. ಅವನು ಆರಿಸಿದ್ದೇ ಸರಿ, ನಾನು ಬರೆದುಕೊಟ್ಟಿದ್ದು ತಪ್ಪು ಅಂದೆ. ಪೊಲೀಸರ ಮುಂದೆ ಬಾಯಿ ಬಿಡದೆ ನಿಂತ ಹೇಡಿತನ ಹೇಳಿದೆ, ನನ್ನ ಮಗಳು ಕಿವಿ ಮುಚ್ಚಿಕೊಂಡದ್ದನ್ನು ಹೇಳಿದೆ, ಕ್ಲಾಸಿಗೆ ಹೋಗುತ್ತಿರುವುದನ್ನು ಹೇಳಿದೆ. ನಿನ್ನನ್ನು ಬಿಟ್ಟರೆ ನನಗೆ ಇಲ್ಲಿ ಯಾರೂ ಇಲ್ಲ, ನನ್ನನ್ನು ಕ್ಷಮಿಸು ಅಂದೆ. ಜೀವಮಾನದಲ್ಲಿ ಯಾರ ಮುಂದೆಯೂ ಅಷ್ಟು ಮಾತಾಡಿರಲಿಲ್ಲ. ಅವನು ಟೀವಿಯ ಕಡೆ ಮುಖ ಮಾಡಿ ನಿಧಾನವಾಗಿ ಕಾಫಿ ಕುಡಿಯುತ್ತಿದ್ದ. ಒಂದೆರಡು ಸಲ ತಲೆ ಆಡಿಸಿದ. ನನ್ನ ಕಣ್ಣಲ್ಲಿ ನೀರು ಬಂತು, ನನ್ನ ಗೆಳೆಯ ನನಗೆ ಉಳಿದ ಅನ್ನಿಸಿತು.

ಅವನ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. “ಅಂಕಲ್, ಡ್ಯಾಡ್‌ಗೆ ಆ ಸೈಡ್ ಕೇಳ್ಸಲ್ಲ. ಯೂ ಹ್ಯಾವ್ ಟು ಸಿಟ್ ಹಿಯರ್” ಎಂದು, ಅವನ ಬಲಗಡೆ ಖಾಲಿ ಇದ್ದ ಇನ್ನೊಂದು ಕುರ್ಚಿಯನ್ನು ಪೆನ್ನಿನಿಂದ ತೋರಿಸಿದಳು. ಹೊಸಬರಿಗೆಲ್ಲ ಹೇಳಿ ಹೇಳಿ ರೂಢಿಯಾದ ದನಿಯಲ್ಲಿ, ಯಾವ ಕಹಿಯೂ ಇಲ್ಲದೆ ಹೇಳಿ ಮತ್ತೆ ಬರೆಯತೊಡಗಿದಳು.

ನಾನು ಕುರ್ಚಿಯಿಂದ ಅರ್ಧ ಎದ್ದೆ. ಅವನು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

“ಇರ್ಲಿ ಬುಡು” ಅಂದ. “ಅಲ್ಲೇ ಕೂತ್ಕೊ.”